ದೇರಪ್ಪನ ಮಧ್ಯಮಾರ್ಗ

ಕಾಫಿ ಹೂ ಬಿಟ್ಟ ಬೆಳಿಗ್ಗೆ ಯಾರಿಗಾದರೂ ತಲೆ ಸ್ವಲ್ಪ ತೇಲುತ್ತದೆ. ಸಿದ್ದಾಪುರದ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ದೇರಪ್ಪನ ತಲೆ ಮಾತ್ರ ಭಾನುವಾರದಿಂದಲೇ ತೇಲುತ್ತಿತ್ತು. ಅಂದು ಮಡಿಕೇರಿಯ ನಾಗೇಶ್ವರ ಮಾಸ್ತರರು ಗ್ರೀಸ್ ದೇಶದ ಹಳೆಯ ಜ್ಞಾನಿಗಳ ಬಗ್ಗೆ ಭಾಷಣ ಮಾಡಿದ್ದರು. ಹೇಡಿತನಕ್ಕೂ ಹುಂಬತನಕ್ಕೂ ನಡುವೆ ಇರುವುದೇ ಧೈರ್ಯವಂತೆ, ಜಿಪುಣತನಕ್ಕೂ ದುಂದುಗಾರಿಕೆಗೂ ನಡುವೆ ಇರುವುದೇ ಔದಾರ್ಯವಂತೆ. ಒಳ್ಳೆಯ ಬಾಳಿನ ಗುಟ್ಟೆಲ್ಲ ಮಧ್ಯದಲ್ಲೇ ಅಡಗಿದೆಯಂತೆ.

ಇದು ದೇರಪ್ಪನ ಎದೆಗೆ ನಾಟಿತು. ಅಂದಿನಿಂದ ಬೆಲ್ಲದ ಕಾಫಿಯನ್ನೂ ಅವನು ಉಗುರುಬೆಚ್ಚಗೆ ಮಾಡಿಕೊಂಡೇ ಕುಡಿಯುತ್ತಿದ್ದ. ಇವತ್ತಂತೂ ಸದ್ಗುಣದ ಅಗತ್ಯ ಬಹಳವಾಗಿತ್ತು. ಭಾಗಮಂಡಲದ ಕಡೆಯ ಪೊನ್ನಪ್ಪನವರು ಹುಡುಗನನ್ನು ನೋಡಲು ಬಸ್ಸಿನಲ್ಲಿ ಬರುವವರಿದ್ದರು. ಅವರ ಮಗಳು ಸರೋಜಳನ್ನು ಒಂದು ಮದುವೆಮನೆಯಲ್ಲಿ ಕಂಡ ಮೇಲೆ ಪಾಪ, ದೇರಪ್ಪನಿಗೆ ಬೇರೆ ಯಾರೂ ಕಣ್ಣಿಗೇ ಬಿದ್ದಿರಲಿಲ್ಲ.

ಜಗಲಿಯಲ್ಲಿ ಕಣ್ಣು ಮುಚ್ಚಿ ಕೂತರೆ ಹೂವಿನ ಘಮ. ಆ ಹೂವಿನ ಬಿಳುಪಿನೊಳಗಿಂದ ಸರೋಜ ನಡೆದು ಬರುತ್ತಿದ್ದಳು. ಹಿಂದೆ ಶಾಲು ಹೊದ್ದ ಗ್ರೀಕ್ ಮುದುಕನೊಬ್ಬ ತಲೆದೂಗುತ್ತಿದ್ದ.

"ಎಂತ ದೇರಪ್ಪಾ, ಬೆಳಿಗ್ಗೆಬೆಳಿಗ್ಗೆಯೇ ಹೀಗೆ ಕೂತಿದ್ದಿ?" ಪಕ್ಕದ ಮನೆಯ ಬೋಜಮ್ಮ ಬೇಲಿಯಿಂದ ಇಣುಕಿದಳು.

"ಅಕ್ಕಾ, ನನಗೆ ಗುಟ್ಟು ಗೊತ್ತಾಯ್ತು. ಸುಖ ಇರೋದೇ ಮದ್ಯದಲ್ಲಿ!"

ಅವನ ಮನಸ್ಸಿನಲ್ಲಿದ್ದದ್ದು ನಡು ಎಂಬ ಅರ್ಥದ ಮಧ್ಯ. ಆದರೆ ನಮ್ಮ ಕಡೆ ಮಹಾಪ್ರಾಣಕ್ಕಾಗಿ ಯಾರೂ ಉಸಿರು ದಂಡ ಮಾಡುವುದಿಲ್ಲ. ಬಾಯಿಂದ ಹೊರಬಿದ್ದದ್ದು ಕುಡಿಯುವ ಮದ್ಯ.

"ದಿನಾ ಉಂಟಾ?"

"ದಿನಾ ಅಭ್ಯಾಸ ಮಾಡ್ಬೇಕು ಅಕ್ಕಾ. ಹೆಚ್ಚೂ ಆಗ್ಬಾರ್ದು, ಕಮ್ಮೀನೂ ಆಗ್ಬಾರ್ದು."

ಬೋಜಮ್ಮನ ಹೊಟ್ಟೆಯಲ್ಲಿ ಮಾತು ನಿಂತದ್ದೇ ಇಲ್ಲ. ದೇರಪ್ಪ ತೋಟಕ್ಕೆ ಇಳಿಯುವಷ್ಟರಲ್ಲಿ ಕೆಲಸದ ಜವರ ಚೊಂಬು ಹಿಡಿದು ಬಂದ. "ಮಜ್ಜಿಗೆ ಕುಡೀರಿ ರೈಟರೇ, ಇಳೀತದೆ."

"ಏನು ಇಳಿಯೋದು?"

"ಮದ್ಯದಲ್ಲೇ ಸುಖ ಅಂದ್ರಂತಲ್ಲಾ! ಕೂಲಿ ಲೈನಿನ ಮನೆಗಳಲ್ಲೆಲ್ಲಾ ಅದೇ ಮಾತು."

ದೇರಪ್ಪನ ಕನಸು ಹಾರಿಹೋಯಿತು. ಪೊನ್ನಪ್ಪನವರ ಕಿವಿಗೆ ಬಿದ್ದರೆ ಸರೋಜ ಕೈತಪ್ಪಿದಂತೆಯೇ. ಬೋಜಮ್ಮನ ಬಾಯಿ ಮುಚ್ಚಿಸಲು ಹೂಗಿಡಗಳ ನಡುವೆಯೇ ನುಗ್ಗಿದ. ಹೂವಿಗೆ ಮುತ್ತಿದ್ದ ಜೇನುನೊಣಗಳಿಗೆ ಇದು ಸರಿಕಾಣಲಿಲ್ಲ. ಒಂದು ತುಟಿಗೆ ಕಚ್ಚಿತು, ಇನ್ನೊಂದು ಕಣ್ಣಿನ ರೆಪ್ಪೆಗೆ.

ಕೆಂಗಣ್ಣು, ಊದಿದ ತುಟಿ, ತಲೆತುಂಬ ಹೂವು. ಈ ಅವತಾರದಲ್ಲಿ ತೂರಾಡುತ್ತ ಮನೆ ಮುಟ್ಟಿದಾಗ ಜಗಲಿಯಲ್ಲಿ ಪೊನ್ನಪ್ಪನವರು ಕೂತಿದ್ದರು. ಪಕ್ಕದಲ್ಲಿ ಬೋಜಮ್ಮ. ಹೇಳುವುದನ್ನೆಲ್ಲ ಹೇಳಿ ಮುಗಿಸಿದ ತೃಪ್ತಿ ಅವಳ ಮುಖದಲ್ಲಿತ್ತು.

"ಮಾವಾ, ನಾನು ಕುಡ್ದಿಲ್ಲ! ಜೇನು ಕಚ್ಚಿದ್ದು! ನಾನು ಹೇಳಿದ್ದು ಮದ್ಯ!"

"ಗೊತ್ತಾಯ್ತು ಮಗನೇ," ಪೊನ್ನಪ್ಪನವರು ನಕ್ಕರು. "ನಾಚಿಕೆ ಎಂತಕ್ಕೆ?"

ಆ ನಗು ಕಂಡು ದೇರಪ್ಪನಿಗೆ ಅಳುವೇ ಬಂತು. ಒಲೆಯಿಂದ ಇದ್ದಿಲು ತಂದು ಬಿಳಿ ಗೋಡೆಯ ಮೇಲೆ ದೊಡ್ಡದಾಗಿ 'ಮಧ್ಯ' ಎಂದು ಬರೆದ. "ನೋಡಿ, ಹೊಟ್ಟೆ ಸೀಳಿದ ಧ!"

ಪೊನ್ನಪ್ಪನವರು ಕನ್ನಡಕ ಹಾಕಿ ಓದಿದರು. "ಅಂದ್ರೆ, ನಡು?"

"ಹೌದು ಮಾವಾ!"

"ಹಾಗಾದ್ರೆ ನೀನು ಕುಡಿಯೋದೇ ಇಲ್ವಾ?"

"ಕಾವೇರಮ್ಮನಾಣೆ, ಒಂದು ತೊಟ್ಟೂ ಮುಟ್ಟಿದವನಲ್ಲ!"

ಪೊನ್ನಪ್ಪನವರ ಮುಖ ಸಪ್ಪಗಾಯಿತು. ಕೊಡೆ ತೆಗೆದುಕೊಂಡು ಎದ್ದರು.

"ಸರೋಜಳಿಗೆ ಎರಡು ಸಂಬಂಧ ಬಂದಿತ್ತು. ಒಬ್ಬ ಕುಡಿದು ಚರಂಡೀಲಿ ಮಲಗ್ತಾನೆ. ಇನ್ನೊಬ್ಬ ಮದುವೆಮನೇಲೂ ಲೋಟ ಮುಟ್ಟಲ್ಲ. ಅಂಥವನು ನಮ್ಮ ನೆಂಟರ ಜೊತೆ ಹೇಗೆ ಕೂರ್ತಾನೆ? ಇಬ್ಬರೂ ಬೇಡ ಅಂದೆ. ನೀನು ಹೆಚ್ಚೂ ಅಲ್ಲ, ಕಮ್ಮೀನೂ ಅಲ್ಲ ಅಂತ ಬೋಜಮ್ಮ ಹೇಳಿದಾಗ ಮನಸ್ಸಲ್ಲೇ ಒಪ್ಪಿಬಿಟ್ಟಿದ್ದೆ."

ಊಟಕ್ಕೂ ನಿಲ್ಲದೆ ಅವರು ಹೊರಟೇಬಿಟ್ಟರು. ದೇರಪ್ಪ ಗೋಡೆಯ ಮೇಲಿನ ಧ-ವನ್ನೇ ನೋಡುತ್ತ ನಿಂತ. ಅದಕ್ಕೆ ಹೊಟ್ಟೆ ಸೀಳಿದ್ದು ಅವನೇ.

ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿತು.

"ಓಡು ದೇರಪ್ಪಾ!" ಬೋಜಮ್ಮ ಕೂಗಿದಳು. "ಕುಡಿಯೋದು ಕಲೀತೇನೆ ಅಂತ ಹೇಳು! ನಾನೇ ಕಲಿಸ್ತೇನೆ!"

ದೇರಪ್ಪ ಗೇಟು ದಾಟಿದ. ತಲೆಯಿಂದ ಹೂವು ಉದುರುತ್ತಿದ್ದವು, ಸರೋಜ ಮತ್ತೆ ಬಿಳುಪಿನೊಳಗೆ ನಡೆಯುತ್ತಿದ್ದಳು. ಓಡಿದರೆ ಹುಂಬತನ, ನಿಂತರೆ ಹೇಡಿತನ. ಶಾಲಿನ ಮುದುಕ ತಲೆದೂಗಿದ. ದೇರಪ್ಪ ತೀರಾ ಜೋರೂ ಅಲ್ಲದ, ತೀರಾ ನಿಧಾನವೂ ಅಲ್ಲದ ಹೆಜ್ಜೆ ಹಾಕಿದ.

ಅವನು ಸರಿಯಾಗಿ ಅರ್ಧ ದಾರಿಯಲ್ಲಿದ್ದಾಗ ಬಸ್ಸು ಹೊರಟುಹೋಯಿತು.