ಯಾರ ಬೆನ್ನನ್ನೂ ಮುಟ್ಟದವನು

ಆರೋಗ್ಯ ಕೌನ್ಸಿಲ್ಲಿನಿಂದ ಬಂದ ಪತ್ರವನ್ನು ರಘುನಂದನ್ ಅರ್ಧ ಓದಿ ಬಿಟ್ಟಿದ್ದೇ ತಪ್ಪಾಯಿತು. "ಇನ್ನು ಮುಂದೆ ನೋಂದಣಿ ಇಲ್ಲದೆ ಆಸ್ಟಿಯೋಪತಿ ಮಾಡುವುದು ಅಪರಾಧ. ಗುರುವಾರ ನಮ್ಮ ಅಧಿಕಾರಿ ಬರುತ್ತಾರೆ" ಎಂಬಲ್ಲಿಗೆ ಅವನಿಗೆ ಕಣ್ಣು ಕತ್ತಲೆಗಟ್ಟಿತ್ತು. ಪರದೇಶದಲ್ಲಿ, ಕಿಲಿಮಾನಿ ಬಡಾವಣೆಯ ತನ್ನ ಅಪಾರ್ಟ್‌ಮೆಂಟಿನಲ್ಲಿ ಹನ್ನೊಂದು ವರ್ಷದಿಂದ ಜನರ ಬೆನ್ನು, ಕತ್ತು ಒತ್ತಿ ತಿರುಗಿಸಿ ಸರಿಮಾಡುತ್ತಿದ್ದ. ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ.

ಗುರುವಾರ ಬೆಳಿಗ್ಗೆಯೇ ಎದುರುಮನೆಯ ವಿಲ್ಮಾ ಆಂಟಿ ಬಂದರು.

"ನೀನು ಎಂತಕ್ಕೆ ಹೆದರುವುದು ಮಾರಾಯ? ನೀನು ಯಾರನ್ನೂ ಮುಟ್ಟಿಯೇ ಇಲ್ಲ. ಬಿಲ್ಡಿಂಗಿಗೆಲ್ಲ ಹೇಳಿ ಆಗಿದೆ."

ಚಿಕಿತ್ಸೆಯ ಮೇಜಿಗೆ ಹೂವಿನ ಬಟ್ಟೆ ಹಾಸಿ, ಮೇಲೆ ಚಕ್ಕುಲಿ ತಟ್ಟೆ ಇಟ್ಟರು. ಬೆನ್ನುಮೂಳೆಯ ಚಿತ್ರದ ಮೇಲೆ ಕ್ಯಾಲೆಂಡರ್ ತೂಗುಹಾಕಿದರು. ಮೂಳೆಯ ತುದಿ ಮಾತ್ರ ಕೆಳಗೆ ಬಾಲದ ಹಾಗೆ ಇಣುಕುತ್ತಿತ್ತು.

ಅಷ್ಟರಲ್ಲಿ ಮೂರನೇ ಮಹಡಿಯ ಶೇಷಾದ್ರಿ ಮುರಿದ ಕೊಡೆಯಂತೆ ಬಗ್ಗಿಕೊಂಡು ಬಂದರು.

"ಲಿಫ್ಟ್ ಕೆಟ್ಟಿತ್ತು, ಗ್ಯಾಸ್ ಸಿಲಿಂಡರ್ ನಾನೇ ಹೊತ್ತುಬಿಟ್ಟೆ ಕಣಯ್ಯ ರಘು. ಸೊಂಟ ಲಾಕ್ ಆಗೋಯ್ತು!"

"ಇವತ್ತು ಬೇಡ ಸರ್..."

ಬೆಲ್ ಹೊಡೆಯಿತು.

ಅಧಿಕಾರಿ ಮುತೋನಿ ನಗುಮುಖದ ಹೆಂಗಸು. ಫೈಲು ಬಿಚ್ಚಿ ಇಂಗ್ಲಿಷಿನಲ್ಲಿ ಕೇಳಿದರು: "ಇವರು ನಿಮಗೆ ಚಿಕಿತ್ಸೆ ಕೊಟ್ಟಿದ್ದಾರಾ?"

"ಇವನಾ?" ವಿಲ್ಮಾ ಆಂಟಿ ನಕ್ಕರು. "ನನ್ನ ಕೈ ಕೂಡ ಕುಲುಕಿದವನಲ್ಲ."

"ನಿಮಗೆ?"

"ಇಲ್ಲವೇ ಇಲ್ಲ," ಶೇಷಾದ್ರಿ ನೆಲಕ್ಕೆ ಹೇಳಿದರು. "ನಾನು ಚಕ್ಕುಲಿ ತಿನ್ನಲು ಬಂದೆ."

ಮುತೋನಿಯ ಮುಖ ಸಪ್ಪಗಾಯಿತು. "ಛೆ! ಐದು ವರ್ಷದಿಂದ ಈ ಕೆಲಸ ಮಾಡುತ್ತಿರುವವರಿಗೆ ಪರೀಕ್ಷೆ ಇಲ್ಲದೆಯೇ ನೋಂದಣಿ. ಇಬ್ಬರು ರೋಗಿಗಳು ಹೌದು ಎಂದಿದ್ದರೆ ಸಾಕಿತ್ತು. ಎರಡನೇ ಪುಟ ನೋಡಲಿಲ್ಲವೇ? ಇವತ್ತೇ ಕೊನೆಯ ದಿನ."

ರಘುನಂದನ್ ಹೌಹಾರಿದ. "ಮಾಡಿದ್ದೇನೆ ಮೇಡಂ! ಇವರಿಬ್ಬರ ಬೆನ್ನನ್ನೂ ನಾನೇ ಸಾಕಿದ್ದು!"

ವಿಲ್ಮಾ ಆಂಟಿ ಅವನ ತೋಳು ಚಿವುಟಿ, "ಬಲೆ ಹಾಕ್ತಿದ್ದಾಳೆ, ಒಪ್ಪಬೇಡ!" ಎಂದು ಕನ್ನಡದಲ್ಲಿ ಪಿಸುಗುಟ್ಟಿದರು. ಅಧಿಕಾರಿಯ ಕಡೆ ತಿರುಗಿ, "ಪಾಪ, ಜಂಬ ಕೊಚ್ಚುತ್ತಾನೆ" ಎಂದರು.

"ಹಾಗಾದರೆ ನೋಡಿ!"

ರಘುನಂದನ್ ಶೇಷಾದ್ರಿಯವರನ್ನು ಎತ್ತಿ ಚಕ್ಕುಲಿಗಳ ನಡುವೆಯೇ ಮಲಗಿಸಿ, ಸೊಂಟ ಹಿಡಿದು ತಿರುಗಿಸಿದ. ಟಕ್ ಎಂದಿತು. ಮೂಳೆಯೋ ಚಕ್ಕುಲಿಯೋ ಯಾರಿಗೂ ತಿಳಿಯಲಿಲ್ಲ. ಶೇಷಾದ್ರಿ ಎದ್ದು ಲೈಟು ಕಂಬದ ಹಾಗೆ ನೆಟ್ಟಗೆ ನಿಂತರು.

"ನೋವು ಹೋಯಿತೇ?" ಮುತೋನಿ ಆಸೆಯಿಂದ ಪೆನ್ನು ತೆಗೆದರು.

ಶೇಷಾದ್ರಿ ವಿಲ್ಮಾ ಆಂಟಿಯನ್ನು ನೋಡಿದರು. ಆಂಟಿ ಕಣ್ಣರಳಿಸಿದರು. ಶೇಷಾದ್ರಿ ಮೆಲ್ಲಗೆ ಮತ್ತೆ ಬಗ್ಗಿದರು, ಮೊದಲಿಗಿಂತ ಎರಡು ಇಂಚು ಹೆಚ್ಚೇ. "ಅಯ್ಯಮ್ಮಾ! ಇವನಿಗೆ ಏನೂ ಬರಲ್ಲ ಮೇಡಂ!"

"ಸವಾ, ಆಗಲಿ," ಮುತೋನಿ ನಿಟ್ಟುಸಿರಿಟ್ಟು ಬರೆದುಕೊಂಡರು. "ನಾಲ್ಕು ವರ್ಷದ ಕೋರ್ಸ್ ಮುಗಿಸಿ ಅರ್ಜಿ ಹಾಕಿ. ಅಲ್ಲಿಯವರೆಗೆ ಯಾರನ್ನೂ ಮುಟ್ಟಬೇಡಿ."

ಬಾಗಿಲು ಮುಚ್ಚಿದ್ದೇ ತಡ, ಶೇಷಾದ್ರಿ ನೆಟ್ಟಗಾಗಿ ರಘುನಂದನನ ಬೆನ್ನು ತಟ್ಟಿದರು.

"ಹೇಗೆ ಉಳಿಸಿದೆ ನೋಡು ನಿನ್ನ! ನಾಳೆ ಬೆಳಿಗ್ಗೆ ಬಿಡುವು ಮಾಡ್ಕೋ, ನಮ್ಮನೆಯವಳ ಕತ್ತು ಹಿಡ್ಕೊಂಡಿದೆ."