ಹೊನ್ನಿಯ ಮೂರು ಭಾಗ, ಊರಿನವರ ನೂರು ಮಾತು

ಪುಸ್ತಕ ಬರೆದವರಿಗೆ ಓದುಗರ ಅಭಿಪ್ರಾಯ ತಪ್ಪಿದ್ದಲ್ಲ. ನೀವು ಕೇಳಬೇಕಾಗಿಯೂ ಇಲ್ಲ, ಅದೇ ಹುಡುಕಿಕೊಂಡು ಬರುತ್ತದೆ. ಒಮ್ಮೆ ಸಾವಿನ ಮನೆಯಲ್ಲಿ ಸೆರಗು ಹೊದ್ದು ಕೂತಿದ್ದೆ. ಪಕ್ಕದಲ್ಲಿದ್ದಾಕೆ ಕಣ್ಣೊರೆಸಿಕೊಳ್ಳುತ್ತಲೇ ನನ್ನ ಕಿವಿಯಲ್ಲಿ, "ಎರಡನೇ ಭಾಗ ಸ್ವಲ್ಪ ಎಳೆದುಬಿಟ್ರಿ ಅಲ್ವಾ?" ಅಂದರು. ಸತ್ತವರ ಮುಖ ನೋಡಿ ನಾಲಿಗೆ ಕಚ್ಚಿಕೊಂಡೆ.

ನಿನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುತ್ತಾರೆ ನಮ್ಮ ಯಜಮಾನರು. ಅಲ್ಲಿಗೆ ಅದನ್ನು ತಂದು ಕೂರಿಸಿದವರು ಯಾರೆಂದು ಮಾತ್ರ ಹೇಳುವುದಿಲ್ಲ. ಅದನ್ನು ನಾನೇ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದಲ್ಲಿ ನಾವು ವಡೋದರಾ ಪಕ್ಕದ ಕೊಯಾಲಿಯ ಟೌನ್‌ಶಿಪ್ಪಿನಲ್ಲಿದ್ದೆವು. ಯಜಮಾನರಿಗೆ ರಿಫೈನರಿಯಲ್ಲಿ ಕೆಲಸ. ಮಗಳು ಸ್ಮಿತಾ ಅಲ್ಲೇ ಹುಟ್ಟಿದವಳು. ಊಟಕ್ಕೆ ಬಾರೇ ಅಂದರೆ "ಆವು ಛು", ಬಂದೆ ಎಂದು ಗುಜರಾತಿಯಲ್ಲಿ ಕೂಗುತ್ತಿದ್ದಳು. ತುಮಕೂರಿನಲ್ಲಿ ಹತ್ತು ವರ್ಷ ಕನ್ನಡ ಮೇಷ್ಟರಾಗಿದ್ದವರ ಮಗಳು ನಾನು. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಒಂದು ಕನ್ನಡ ಪುಟ ಓದಲು ಬಾರದು ಅಂದರೆ! ಅವಳಿಗೆ ಆಸೆ ಹುಟ್ಟಿಸೋಣ ಎಂದೇ ಕಥೆ ಬರೆಯಲು ಕೂತೆ. ಅಂಬಿಗನ ಮಗಳು ಹೊನ್ನಿ ಒಬ್ಬ ಕುಂಟ ಮಂತ್ರವಾದಿಯ ಜೊತೆ ಏಳು ಮಾಯಾನದಿಗಳನ್ನು ದಾಟಿ, ಕೊನೆಗೆ ಒಂದು ರಾಜ್ಯಕ್ಕೆ ರಾಣಿಯಾಗುವ ಕಥೆ. ಬರೆಯುತ್ತಾ ಬರೆಯುತ್ತಾ ಮೂರು ಭಾಗವಾಯಿತು. ತುಮಕೂರಿನ ಪ್ರಕಾಶಕರೊಬ್ಬರು ವರ್ಷಕ್ಕೊಂದರಂತೆ ಅಚ್ಚು ಹಾಕಿದರು. ನನ್ನ ನೆಮ್ಮದಿ ಹೋಯಿತು.

ಕೆಳಗಿನ ಮನೆಯವರು

ಮೊದಲ ಭಾಗ ಬಂದಾಗ ಟೌನ್‌ಶಿಪ್ಪಿನಲ್ಲಿ ಕನ್ನಡ ಓದುವ ಮನೆಗಳು ಆರೋ ಏಳೋ ಇದ್ದವು. ಎಲ್ಲರಿಗೂ ಒಂದೊಂದು ಪ್ರತಿ ಹಂಚಿದೆ. ಮೂರನೇ ದಿನ ಕೆಳಗಿನ ಮನೆಯಾಕೆ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಪುಸ್ತಕ, ಪುಸ್ತಕದ ನಡುವೆ ಬೆರಳು.

"ಈ ಕಿಟಕಿ ಮಾಟಗಾತಿ ನಾನೇ ತಾನೆ?"

ನನ್ನ ಕಥೆಯಲ್ಲಿ ಒಬ್ಬ ಮಾಟಗಾತಿ ಇದ್ದಾಳೆ. ದಿನವಿಡೀ ಕಿಟಕಿಯಲ್ಲಿ ಕೂತು ದಾರಿಯಲ್ಲಿ ಹೋಗುವವರ ನೆರಳು ಕದಿಯುತ್ತಾಳೆ. ದೇವರಾಣೆಗೂ ಅವಳನ್ನು ಬರೆಯುವಾಗ ಈಕೆ ನನ್ನ ಮನಸ್ಸಿನಲ್ಲಿರಲಿಲ್ಲ.

"ಅಯ್ಯೋ, ಛೆ, ಅದು ಬರೀ ಕಲ್ಪನೆ" ಅಂದೆ. ಅವರು ನಂಬಲಿಲ್ಲ. ಕಾಫಿ ಮಾಡಿಕೊಟ್ಟೆ, ನಂಬಲಿಲ್ಲ. ಅರ್ಧ ಗಂಟೆ ಆಣೆ ಪ್ರಮಾಣ ಮಾಡಿದೆ. ಕೊನೆಗೆ ತಾಳ್ಮೆ ಕೆಟ್ಟು, "ನೋಡಿ, ಅದರಲ್ಲಿ ನಿಮ್ಮದು ಒಂದು ಕೂದಲೂ ಇಲ್ಲ. ನಿಮಗೂ ಅವಳಿಗೂ ಸಂಬಂಧವೇ ಇಲ್ಲ!" ಎಂದು ಕಿರುಚಿದೆ.

ಅವರ ಮುಖ ಸಪ್ಪಗಾಯಿತು. ಲೋಟ ಕೆಳಗಿಟ್ಟರು.

"ಹಾಗಾದ್ರೆ ಯಾರನ್ನ ನೋಡಿ ಬರೆದ್ರಿ? ಹನ್ನೊಂದು ವರ್ಷದಿಂದ ನಿಮ್ಮ ಕೆಳಗಡೇನೇ ಇದ್ದೀನಿ. ನಾನು ನಿಮ್ಮ ಕಣ್ಣಿಗೆ ಬೀಳಲೇ ಇಲ್ವಾ?"

ಆಮೇಲೆ ಎರಡು ತಿಂಗಳು ಮಾತು ಬಿಟ್ಟರು.

ಗುಹೆಗೆ ಇನ್ನೊಂದು ಬಾಗಿಲು

ಯಜಮಾನರ ಮೇಲಧಿಕಾರಿ ಕನ್ನಡದವರು, ಸೇಫ್ಟಿ ವಿಭಾಗದ ದೊಡ್ಡ ಆಫೀಸರು. ಅವರೂ ಓದಿದರು. ಓದಿ ಯಜಮಾನರನ್ನು ಕ್ಯಾಬಿನ್ನಿಗೆ ಕರೆಸಿದರು. ಆ ಸಂಜೆ ಯಜಮಾನರು ಮನೆಗೆ ಬಂದಾಗ ಕೈಯಲ್ಲಿ ಟೈಪು ಮಾಡಿದ ಎರಡು ಹಾಳೆ.

ಮೊದಲ ಭಾಗದಲ್ಲಿ ಬೆಂಕಿ ಉಗುಳುವ ಒಂದು ಸರ್ಪ ಗುಹೆಯೊಳಗೆ ವಾಸವಾಗಿದೆ. ಹೊನ್ನಿ ಎರಡನೇ ಭಾಗದಲ್ಲಿ ಅದನ್ನು ಕೊಲ್ಲಬೇಕು, ಅದಕ್ಕಾಗಿ ನಾನು ಒಂದು ಇಡೀ ಅಧ್ಯಾಯ ಬರೆದಿಟ್ಟಿದ್ದೆ. ಸಾಹೇಬರ ಅಭಿಪ್ರಾಯ ಹೀಗಿತ್ತು. ಗುಹೆಗೆ ಒಂದೇ ಬಾಗಿಲು. ಗಾಳಿ ಓಡಾಡುವ ವ್ಯವಸ್ಥೆ ಇಲ್ಲ. ಬೆಂಕಿಯ ಮೂಲವನ್ನು ಅಂಥ ಜಾಗದಲ್ಲಿ ಇಡುವುದು ಅತ್ಯಂತ ಅಪಾಯಕಾರಿ. ಇನ್ನೊಂದು ಬಾಗಿಲು ಕೂಡಲೇ ಆಗಬೇಕು.

"ಅದು ಸರ್ಪ ಕಣ್ರೀ! ಬಾಯ್ಲರ್ ಅಲ್ಲ!" ಅಂದೆ. ಕೈಯಲ್ಲಿದ್ದ ಸೌಟು ಎಲ್ಲಿ ಹೋಗಿ ಬಿತ್ತೋ ಗೊತ್ತಿಲ್ಲ.

ಯಜಮಾನರು ಸೌಟು ಹುಡುಕಿ ತಂದುಕೊಟ್ಟು, "ನನ್ನ ಪ್ರಮೋಷನ್ ಅವರ ಕೈಯಲ್ಲಿದೆ. ಒಂದು ಬಾಗಿಲು ತಾನೆ, ಇಟ್ಟುಬಿಡು" ಅಂದರು.

ಹಲ್ಲು ಕಚ್ಚಿಕೊಂಡು ಇಟ್ಟೆ. ಬಾಗಿಲು ಇಟ್ಟ ಮೇಲೆ ಸರ್ಪ ಸುಮ್ಮನಿರುತ್ತದೆಯೇ? ಹೊನ್ನಿ ಮುಂದಿನಿಂದ ಬಂದಾಗ ಹಿಂದಿನಿಂದ ಓಡಿಹೋಯಿತು. ನನ್ನ ಯುದ್ಧದ ಅಧ್ಯಾಯ ಮಣ್ಣುಪಾಲಾಯಿತು. ಅಳು ಬರುವಷ್ಟು ಸಿಟ್ಟಿನಲ್ಲಿ ಎಲ್ಲವನ್ನೂ ತಿದ್ದಿ ಬರೆದೆ.

ಎರಡನೇ ಭಾಗ ಬಂದಾಗ ಸಾಹೇಬರು ದಾರಿಯಲ್ಲೇ ಸ್ಕೂಟರ್ ನಿಲ್ಲಿಸಿದರು. ಮುಖದಲ್ಲಿ ಬೆಳಕು.

"ನೋಡಿದ್ರಾಮ್ಮ? ಇದಕ್ಕೇ ನಾವು ಬಡ್ಕೊಳ್ಳೋದು. ಸಮಯಕ್ಕೆ ಸರಿಯಾಗಿ ಹೇಳಿದ್ದಕ್ಕೆ ಒಂದು ಜೀವ ಉಳೀತು."

ಅಹಮದಾಬಾದಿನ ಭಾಷಣ

ಎರಡನೇ ಭಾಗದ ಬಿಡುಗಡೆಯನ್ನು ಅಹಮದಾಬಾದಿನ ಕನ್ನಡಿಗರು ಒಂದು ಶಾಲೆಯ ಹಾಲಿನಲ್ಲಿ ಇಟ್ಟುಕೊಂಡಿದ್ದರು. ಪುಸ್ತಕದ ಬಗ್ಗೆ ಮಾತನಾಡಲು ಧಾರವಾಡದ ಕಡೆಯ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಬಂದಿದ್ದರು. ಜರಿಯಂಚಿನ ಶಲ್ಯ, ಗಂಟೆ ಬಾರಿಸಿದಂಥ ಕಂಠ.

"ಈ ಕಾದಂಬರಿಯ ನಾಯಕ ಹೊನ್ನಪ್ಪ ನಮ್ಮ ತರುಣರಿಗೆ ಆದರ್ಶಪ್ರಾಯ" ಎಂದು ಶುರು ಮಾಡಿದರು.

ಬಾಯಿ ತಪ್ಪಿರಬೇಕು ಎಂದುಕೊಂಡೆ. ಹತ್ತು ನಿಮಿಷದಲ್ಲಿ ಹೊನ್ನಪ್ಪ ಗರಡಿಮನೆಗೆ ಹೋದ. ಇಪ್ಪತ್ತು ನಿಮಿಷಕ್ಕೆ ಮೀಸೆ ಬಂತು. ಮುಕ್ಕಾಲು ಗಂಟೆಯಾಗುವಾಗ ವಿಧವೆ ತಾಯಿಯನ್ನು ನೆನೆದು ಕಣ್ಣೀರು ಹಾಕಿದ. ಸಭೆ ಚಪ್ಪಾಳೆ ತಟ್ಟಿತು. ನನಗೆ ಕಿವಿಯಿಂದ ಹೊಗೆ ಬರುವುದೊಂದು ಬಾಕಿ. ವೇದಿಕೆಯ ಮೇಲೇ ಅವರ ಮುಂದಿದ್ದ ಪ್ರತಿಯನ್ನು ಎತ್ತಿಕೊಂಡೆ. ಹಾಳೆಗಳು ಪ್ರೆಸ್ಸಿನಲ್ಲಿ ಅಂಟಿಕೊಂಡಿದ್ದಂತೆಯೇ ಇದ್ದವು, ಒಂದೂ ಬಿಡಿಸಿರಲಿಲ್ಲ.

ಮೈಕಿನ ಹತ್ತಿರ ಹೋಗಿ, "ಸ್ವಾಮೀ, ಹೊನ್ನಿ ಹೆಣ್ಣು. ನೀವು ಇದನ್ನ ಓದಿದ್ದೀರಾ ಇಲ್ವಾ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದೆ.

ಅವರು ಗಲಿಬಿಲಿಗೊಳ್ಳಲಿಲ್ಲ. ಶಲ್ಯ ಸರಿ ಮಾಡಿಕೊಂಡರು.

"ತಾಯೀ, ಸಿಟ್ಟು ಮಾಡ್ಕೋಬ್ಯಾಡ್ರಿ. ನನ್ನನ್ನ ಅಭಿಪ್ರಾಯ ಹೇಳ್ಲಿಕ್ಕೆ ಕರದಾರ. ಓದ್ಲಿಕ್ಕೆ ಯಾರೂ ಕರದಿಲ್ಲ."

ಅದಕ್ಕೂ ಚಪ್ಪಾಳೆ ಬಿತ್ತು.

ಯಾರಿಗಾಗಿ ಬರೆದೆನೋ ಅವಳು

ಸ್ಮಿತಾಳಿಗೆ ಆಗ ಹದಿನಾಲ್ಕು. ಮೊದಲ ಎರಡು ಭಾಗ ಅವಳ ಮೇಜಿನ ಮೇಲೆ ಜಾಮಿಟ್ರಿ ಬಾಕ್ಸಿಗೆ ಪೀಠವಾಗಿದ್ದವು. ಹಿಂದಿನ ವರ್ಷವೆಲ್ಲ ನಾನು ಗೋಗರೆದಿದ್ದೆ, ಬೈದಿದ್ದೆ, ಒಮ್ಮೆ ಟಿವಿಯ ವೈರನ್ನೇ ಕಿತ್ತಿದ್ದೆ. ಅವಳು, "ಮಮ್ಮಿ, ನೀನೇ ಸ್ಟೋರಿ ಹೇಳಿಬಿಡು, ಶಾರ್ಟ್ ಆಗಿ" ಅಂದಿದ್ದಳು.

ಮೂರನೇ ಭಾಗವನ್ನು ಅವಳಿಗೇ ಅರ್ಪಿಸಿದೆ. ಪುಸ್ತಕ ಬಂದ ದಿನ ಅವಳ ಕೈಗಿಟ್ಟು ಅಡುಗೆಮನೆಗೆ ಹೋದೆ, ನೋಡದವಳಂತೆ. ಬಾಗಿಲ ಸಂದಿಯಿಂದ ಇಣುಕಿದರೆ, ಹುಡುಗಿ ಪುಸ್ತಕ ತೆರೆದು ಕೂತಿದೆ! ಬೆರಳಿಟ್ಟು ಅಕ್ಷರ ಕೂಡಿಸುತ್ತಿದೆ! ಐದು ನಿಮಿಷ, ಹತ್ತು ನಿಮಿಷ. ನನ್ನ ಕಣ್ಣು ಮಂಜಾಯಿತು. ಒಗ್ಗರಣೆ ಸೀದು ಹೋದರೂ ಒಲೆ ಆರಿಸಲಿಲ್ಲ.

ಕೊನೆಗೆ ಅವಳು ಕರೆದಳು. "ಮಮ್ಮಿ, ಈ ಸಿತಾ ಯಾರು?"

ಓಡಿಹೋಗಿ ನೋಡಿದೆ. ಅರ್ಪಣೆಯ ಪುಟ. ನಾನು ಎರಡು ಸಲ, ಯಜಮಾನರು ಒಂದು ಸಲ, ಪ್ರೆಸ್ಸಿನವರು ಎಷ್ಟು ಸಲವೋ ತಿದ್ದಿದ ಪುಟ. "ಪ್ರೀತಿಯ ಮಗಳು ಸಿತಾಳಿಗೆ" ಎಂದಿತ್ತು.

"ನನ್ನ ಹೆಸರಿನ ಕೆಳಗಡೆ ಒಂದು ಬಾಲ ಇರುತ್ತಲ್ಲ, ಅದೆಲ್ಲಿ?" ಎಂದಳು. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟಳು. "ನೀನೇ ಸರಿಯಾಗಿ ಬರೆಯಲ್ಲ. ನನ್ನನ್ನ ಮಾತ್ರ ಓದು ಅಂತೀಯ."

ನಾನು ಯಾರನ್ನು ಬೈಯಲಿ? ಸೀದ ಒಗ್ಗರಣೆಯನ್ನು ಬೈದೆ. ಇನ್ನು ಮೇಲೆ ಒಂದಕ್ಷರ ಬರೆಯುವುದಿಲ್ಲ ಎಂದು ಪೆನ್ನನ್ನು ಹಾಲಿನವನ ಲೆಕ್ಕದ ಡಬ್ಬಿಗೆ ಎಸೆದೆ.

ಉಧ್ನಾದಿಂದ ಬಂದವರು

ಅದಾಗಿ ಕೆಲವು ತಿಂಗಳಿಗೆ, ಒಂದು ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ಐವತ್ತು ದಾಟಿದ ಒಬ್ಬರು, ಬಿಳಿ ಶರಟು, ಬಿಳಿ ಪಂಚೆ, ಕೈಯಲ್ಲಿ ಬಾಳೆಎಲೆಯ ಪೊಟ್ಟಣ. ಸೂರತ್ತಿನ ಉಧ್ನಾದಲ್ಲಿ ಹೋಟೆಲೊಂದರ ಅಡುಗೆಯವರಂತೆ, ಕುಂದಾಪುರದ ಕಡೆಯವರು. ವಾರದ ರಜೆ ಹಿಡಿದು ರೈಲಿನಲ್ಲಿ ವಡೋದರಾಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಕೊಯಾಲಿಗೆ ಬಂದಿದ್ದರು.

"ಹೊನ್ನಿ ಬರೆದದ್ದು ನೀವೇ ಅಲ್ವಾ ಅಮ್ಮ? ನನ್ನ ಅಭಿಪ್ರಾಯ ಹೇಳಿ ಹೋಗುವ ಅಂತ ಬಂದೆ."

ಅಭಿಪ್ರಾಯ ಎಂಬ ಮಾತು ಕೇಳಿದ್ದೇ ನನ್ನ ರಕ್ತ ಕುದಿಯಿತು. ಆದರೂ ಅಷ್ಟು ದೂರದಿಂದ ಬಂದವರು. "ಹೇಳಿ" ಅಂದೆ, ಸಿಡುಕಿ.

"ಮೂರೂ ಓದಿದ್ದೇನೆ. ಒಂದಕ್ಷರ ಬಿಟ್ಟಿಲ್ಲ."

ಮೂರನ್ನೂ ಓದಿದವರನ್ನು ನಾನು ಕಂಡದ್ದು ಅದೇ ಮೊದಲು. ಕುರ್ಚಿ ಎಳೆದು ಕೂರಿಸಿದೆ.

"ಎಂತ ಬರೆದದ್ದು ಮಾರಾಯ್ರೆ! ಎಲ್ಲರೂ ಬಡವರನ್ನು ರಾಜ ಮಾಡಿ ಕಥೆ ಮುಗಿಸ್ತಾರೆ. ನೀವು ರಾಣಿಯನ್ನು ಸಿಂಹಾಸನದಲ್ಲಿ ಕೂರಿಸಿ, ಆಮೇಲೆ ಒಂದೊಂದೇ ಕಿತ್ಕೊಂಡ್ರಲ್ಲ! ಮೊದಲನೇ ಪುಸ್ತಕದಲ್ಲಿ ರಾಣಿ. ಎರಡನೆಯದರಲ್ಲಿ ಕಾಡಲ್ಲಿ ಹಸಿದು ಅಲೀತಾಳೆ. ಮೂರನೆಯದರಲ್ಲಿ ಹರಿದ ಸೀರೆ ಉಟ್ಟು ದೋಣಿ ನಡೆಸ್ತಾಳೆ!"

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಸೂರತ್ತಿನ ಕನ್ನಡ ಸಂಘದ ಲೈಬ್ರರಿಯವರು ಹೊಸ ಪುಸ್ತಕ ಬಂದ ಕೂಡಲೇ ಮುಖಪುಟ ಕಿತ್ತು ಕಂದು ಬೈಂಡು ಹಾಕಿಸುತ್ತಿದ್ದರು. ಭಾಗದ ಸಂಖ್ಯೆ ಇದ್ದದ್ದು ಮುಖಪುಟದಲ್ಲಿ ಮಾತ್ರ, ಅದು ಹೋದ ಮೇಲೆ ಯಾವ ಭಾಗವೆಂದು ತಿಳಿಯುವ ದಾರಿಯಿಲ್ಲ. ಇವರ ಕೈಗೆ ಮೊದಲು ಸಿಕ್ಕಿದ್ದು ಮೂರನೆಯದು, ಆಮೇಲೆ ಎರಡನೆಯದು, ಕೊನೆಗೆ ಮೊದಲನೆಯದು. ಮೂರು ವರ್ಷ ನಾನು ಬೆವರು ಸುರಿಸಿ ಕಟ್ಟಿದ ಕಥೆಯನ್ನು ಈ ಮನುಷ್ಯ ತಲೆಕೆಳಗು ಮಾಡಿ ಓದಿದ್ದರು! ಬೈಯಲು ಬಾಯಿ ತೆರೆದೆ.

"ಮೊದಲನೇ ಪುಸ್ತಕದ ಕೊನೆಗೆ 'ಮುಗಿಯಿತು' ಅಂತ ಹಾಕಿದ್ದೀರಿ. ಪ್ರೆಸ್ಸಿನವರ ತಪ್ಪು, ಇರಲಿ" ಎಂದು ಅವರೇ ಮುಂದುವರಿಸಿದರು. "ಆ ಮಂತ್ರವಾದಿ ಅದರಲ್ಲಿ ಸಾಯ್ತಾನೆ, ಎರಡನೆಯದರಲ್ಲಿ ಎದ್ದು ಬರ್ತಾನೆ. ಮಂತ್ರವಾದಿ ಅಲ್ವಾ, ಬರ್ತಾನೆ. ಆದರೆ ಸತ್ತು ಬಂದವನಿಗೆ ನೆನಪು ಉಳಿಯುವುದಿಲ್ಲ. ಕೊನೆಗೆ ಹೊಳೆ ಬದಿಯಲ್ಲಿ ಅವಳನ್ನೇ ನೋಡಿ, 'ಯಾರಮ್ಮ ನೀನು?' ಅಂತ ಕೇಳ್ತಾನೆ ನೋಡಿ..."

ಅವರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು.

"ಉಧ್ನಾದಲ್ಲಿ ನನ್ನದೂ ಒಂದು ಹೋಟೆಲಿತ್ತು ಅಮ್ಮ. ಗಲ್ಲಾಪೆಟ್ಟಿಗೆಯ ಮುಂದೆ ನಾನೇ ಕೂರ್ತಿದ್ದೆ. ಈಗ ಅದೇ ಬೀದಿಯಲ್ಲಿ ಇನ್ನೊಬ್ಬರ ಕಾವಲಿಗೆ ದೋಸೆ ಹುಯ್ಯುತ್ತೇನೆ. ಹಳೇ ಗಿರಾಕಿಗಳು ಗುರುತು ಸಿಕ್ಕಿಯೂ ಸಿಗದ ಹಾಗೆ ತಿಂದು ಹೋಗ್ತಾರೆ. ಅದು ಹೇಗಿರ್ತದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ತೆರೆದ ಬಾಯಿ ಮುಚ್ಚಿದೆ. ಸ್ಮಿತಾ ಯಾವಾಗಲೋ ಬಂದು ಬಾಗಿಲಿಗೆ ಒರಗಿ ನಿಂತಿದ್ದಳು.

ಅವರು ಚೀಲದಿಂದ ಕಂದು ಬೈಂಡಿನ ಪುಸ್ತಕ ತೆಗೆದು ಕೊನೆಯ ಪುಟ ತೋರಿಸಿದರು. ಮುರಿದ ಹುಟ್ಟು ಹಿಡಿದು ಮರಳದಿಣ್ಣೆಯ ಮೇಲೆ ಒಬ್ಬಳೇ ನಿಂತ ಹೊನ್ನಿ. ಕೆಳಗೆ ನಾನೇ ಬರೆಸಿದ್ದ 'ಮುಂದುವರಿಯುವುದು'.

"ಇದನ್ನು ಓದಿದ ಮೇಲೆಯೇ ಸ್ವಲ್ಪ ಧೈರ್ಯ ಬಂದದ್ದು. ನಾಲ್ಕನೆಯದು ಉಂಟು ಅಂತಾಯ್ತಲ್ಲ" ಎಂದರು. ಬಾಳೆಎಲೆಯ ಪೊಟ್ಟಣವನ್ನು ಎರಡೂ ಕೈಯಿಂದ ನನ್ನ ಮುಂದಿಟ್ಟರು. "ನೀವು ಬೇಕಾದಷ್ಟು ಸಮಯ ತಕೊಳ್ಳಿ, ನನಗೆ ಅವಸರ ಇಲ್ಲ. ಆದರೆ ಆ ಹುಡುಗಿಯನ್ನು ಹೇಗಾದರೂ ಮಾಡಿ ಮತ್ತೆ ರಾಣಿ ಮಾಡಿ ಅಮ್ಮ."