ಗಾಜಿನ ಮೇಲೆ ಎರಡು ದಿನದ ಬಣ್ಣ

ಗಾಜಿನ ಮೇಲೆ ಬರೆಯುವವರಿಗೆ ಇರುವುದು ಎರಡೇ ಭಯ. ಬರೆದದ್ದು ಹೋಗಿಬಿಟ್ಟರೆ ಎನ್ನುವುದು ಒಂದು, ಹೋಗದೇ ಕೂತುಬಿಟ್ಟರೆ ಎನ್ನುವುದು ಇನ್ನೊಂದು. ನನ್ನ ವಿಷಯದಲ್ಲಿ ಎರಡೂ ಆಗುತ್ತಲೇ ಇರುತ್ತವೆ, ಅದೂ ತಪ್ಪಾದ ಅಂಗಡಿಯಲ್ಲಿ.

ಮನೆ ಚನ್ನಗಿರಿಯಲ್ಲಿ. ಕಾಲೇಜಿನಲ್ಲಿ ಓದಿದ್ದು ಅರ್ಥಶಾಸ್ತ್ರ, ಕೈಗೆ ಹತ್ತಿದ್ದು ಬ್ರಷ್ಷು. ಹಬ್ಬಕ್ಕೆ, ರಿಯಾಯಿತಿಗೆ, ಉದ್ಘಾಟನೆಗೆ ಅಂಗಡಿಯ ಮುಂದಿನ ಗಾಜಿನ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಡುವುದು, ಮುಗಿದ ಮೇಲೆ ಒರೆಸಿಕೊಡುವುದು ನನ್ನ ಕೆಲಸ. ಫ್ಲೆಕ್ಸ್ ಕಟ್ಟಿದರೆ ಒಳಗಿನ ಮಾಲು ಕಾಣುವುದಿಲ್ಲ, ಸ್ಟಿಕ್ಕರ್ ಅಂಟಿಸಿದರೆ ಕೀಳುವಾಗ ಉಗುರು ಹೋಗುತ್ತದೆ. ಹಾಗಾಗಿ ನನಗೆ ಇನ್ನೂ ಫೋನ್ ಬರುತ್ತದೆ.

ಈ ಸಲ ಬಂದದ್ದು ಜಗಳೂರಿನಿಂದ, ಕಾಲೇಜಿನ ಗೆಳತಿಯದು. ವರ್ಷಗಟ್ಟಲೆ ಮನೆಯ ಪಡಸಾಲೆಯಲ್ಲೇ ಕೂತು ಊರವರ ಬ್ಲೌಸ್ ಹೊಲಿದವಳು.

"ಅಂಗಡಿ ಸಿಕ್ತು ಕಣೇ! ಮುಂದೆ ಪೂರ್ತಿ ಗಾಜು!" ಎಂದಳು. ಆಮೇಲೆ ದನಿ ಇಳಿಯಿತು. "ಆದ್ರೆ ಬಿಲ್ಡಿಂಗಿನ ಓನರ್ ಅಜ್ಜಿ ಭಾಳ ಕಟ್ಟುನಿಟ್ಟು. ಹಿಂದಿನ ಮೊಬೈಲ್ ಅಂಗಡಿಯವ್ನು ಸ್ಟಿಕ್ಕರ್ ಕಲೆ ಉಳಿಸ್ದ ಅಂತ ಖಾಲಿ ಮಾಡಿಸ್ಯಾರೆ. 'ಗಾಜಿನ ಮೇಲೆ ಒಂದು ಕಲೆ ಕಂಡ್ರೂ ಬೀಗ ತಂದು ನನ್ನ ಕೈಗೆ ಕೊಡು' ಅಂದಾರೆ. ನನ್ನ ಬೋರ್ಡು ಇನ್ನೂ ಬಂದಿಲ್ಲ. ಶುರುವಿನ ಎರಡು ದಿನಕ್ಕೆ ಗಾಜಿನ ಮೇಲೆ ನೀನೇ ಬರೀಬೇಕು. ಮೂರನೇ ದಿನ ಅಜ್ಜಿ ಬಂದು ನೋಡ್ತಾರಂತೆ. ಒರೆಸಿದ್ರೆ ಹೋಗ್ತೈತೆ ಅಲ್ವಾ?"

"ಹೋಗ್ತೈತೆ ಬಿಡೇ" ಎಂದು ಫೋನ್ ಇಟ್ಟೆ. ಇಟ್ಟ ಕೂಡಲೇ ಹಿಂದಿನ ಮೂರು ಊರುಗಳು ಸಾಲಾಗಿ ಕಣ್ಣ ಮುಂದೆ ಬಂದು ನಿಂತವು.

ಚನ್ನಗಿರಿ: ಬರೀ ನೀರು

ಮೊದಲ ಕೆಲಸ ನಮ್ಮೂರಿನ ಸೀರೆ ಅಂಗಡಿಯದು. ಪೋಸ್ಟರ್ ಕಲರನ್ನು ನೀರಿನಲ್ಲಿ ಕಲಸಿ ಹೊರಗಿನಿಂದ ಬರೆದೆ. ಬೇಗ ಬರೆಯಬಹುದು, ಬೇಗ ಒರೆಸಬಹುದು ಎಂಬ ಲೆಕ್ಕ. "ಹಿಂದಿನ ವರ್ಷದ ಮಾಲು ಅಂತ ಬರೆಯಲಾ?" ಎಂದು ಕೇಳಿದ್ದಕ್ಕೆ ಸಾಹುಕಾರರು, "ಸುತ್ತಿ ಬಳಸಿ ಯಾಕ್ರೀ? ಹಳೇವು ಅಂತ್ಲೇ ಬರೀರಿ, ಸುಳ್ಳು ನಮಗೆ ಆಗಿಬರಾಂಗಿಲ್ಲ" ಎಂದರು. ಮೇಲಿನ ಸಾಲಿನಲ್ಲಿ "ಹಳೇ ಸೀರೆಗಳು", ನಡುವೆ "ಅರ್ಧ ಬೆಲೆಗೆ", ಕೆಳಗೆ "ಬೇಗ ಬನ್ನಿ" ಎಂದು ಬರೆದು ಮನೆಗೆ ಬಂದೆ.

ನನಗೆ ಮಂಜಿನ ಚಿಂತೆ, ಮಳೆಯ ಚಿಂತೆ. ಸಾಹುಕಾರರ ಭಕ್ತಿ ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ದಿನಾ ಬೆಳಿಗ್ಗೆ ಶಟರ್ ಎತ್ತಿ, ಬಾಗಿಲಿಗೆ ನೀರು ಚಿಮುಕಿಸಿ, ಕಣ್ಣು ಮುಚ್ಚಿ ಮಂತ್ರ ಹೇಳುತ್ತಾ ಒದ್ದೆ ಬಟ್ಟೆಯಿಂದ ಗಾಜು ಒರೆಸಿ, ಮೂರು ಬೆರಳಿನ ವಿಭೂತಿ ಎಳೆಯುವುದು ಅವರ ಪದ್ಧತಿ. ಆವತ್ತೂ ಒರೆಸಿದ್ದಾರೆ. ಅವರು ಕುಳ್ಳಗಿನ ಮನುಷ್ಯ. ಕೈ ಮುಟ್ಟಿದಷ್ಟು ಹೋಗಿದೆ, ಮುಟ್ಟದ್ದು ಉಳಿದಿದೆ.

ಸುದ್ದಿ ಕೇಳಿ ಓಡಿದೆ. ಗಾಜಿನ ಮೇಲೆ ವಿಭೂತಿ, ಅದರ ಮೇಲೆ "ಹಳೇ ಸೀರೆಗಳು". ಒಳಗೆ ತ್ಯಾವಣಿಗೆ ಕಡೆಯ ಹೆಂಗಸೊಬ್ಬಳು ಕೌಂಟರ್ ಮೇಲೆ ದೊಡ್ಡ ಗಂಟು ಬಿಚ್ಚಿ, ತನ್ನ ಹರಿದ ಸೀರೆಗಳನ್ನೆಲ್ಲ ಹರಡಿ, ಸಾಹುಕಾರರನ್ನು ಕೇಳುತ್ತಿದ್ದಳು:

"ಎಷ್ಟು ಸೀರೆಗೆ ಒಂದು ಸ್ಟೀಲ್ ಡಬ್ಬಿ ಕೊಡ್ತೀರಿ?"

ಹೊನ್ನಾಳಿ: ಅಂಟು ಹಾಕಿದ್ದು

ಮುಂದಿನ ಸಲ ನೀರಿಗೆ ಹೋಗಬಾರದೆಂದು ಬಣ್ಣಕ್ಕೆ ಬಡಗಿಗಳು ಹಾಕುವ ಬಿಳಿ ಅಂಟು ಬೆರೆಸಿದೆ. ಎಷ್ಟು ಎಂದು ಕೇಳಬೇಡಿ. ಹೆದರಿದವಳ ಕೈ ಯಾವಾಗಲೂ ಧಾರಾಳ.

ಹೊನ್ನಾಳಿಯ ಮಿರ್ಚಿ ಮಂಡಕ್ಕಿ ಹೋಟೆಲು. ಒಲೆ ಕಟ್ಟೆ ರಿಪೇರಿ ಇತ್ತು. "ಎರಡು ದಿನ ಹೋಟೆಲ್ ರಜೆ" ಎಂದು ಬರೆಸಿಕೊಂಡರು. 'ರಜೆ' ಎದ್ದು ಕಾಣಲಿ ಎಂದು ಅದನ್ನು ಎರಡು ಸಲ ತಿದ್ದಿದೆ. ರಿಪೇರಿ ಮುಗಿಯಿತು, ಎಣ್ಣೆ ಕಾಯಿತು, ಮಿರ್ಚಿ ಬೆಂದಿತು. ಬರಹ ಮಾತ್ರ ಅಲುಗಲಿಲ್ಲ.

"ಮೇಡಂ, ನೀರು ಹಾಕ್ದೆ, ಸೋಪು ಹಾಕ್ದೆ, ದೋಸೆ ಸಟ್ಟುಗದಾಗೆ ಕೆರೆದೆ. ಏನ್ ಹಚ್ಚೀರಿ ಇದಕ್ಕೆ?" ಎಂದು ಮಾಲೀಕ ಫೋನಿನಲ್ಲಿ ಅಳುವಂತೆ ಕೇಳಿದ. ನಾನು ಹೋಗುವಷ್ಟರಲ್ಲಿ ಅವನು ರಸ್ತೆಗೇ ಬಂದು ನಿಂತಿದ್ದ.

"ಬರ್ರೀ, ತೆಗೆದೈತೆ!"

"ರಜಾ ಅಂತ ಬರ್ದೀರಲ್ರೀ?" ಎಂದು ಗಿರಾಕಿ ಮುಂದೆ ಹೋಗುತ್ತಿದ್ದ. ಒಬ್ಬನಂತೂ ಗಾಜಿಗೆ ಮೂಗು ಒತ್ತಿ ಒಳಗೆ ನೋಡಿ, "ರಜಾ ಹಾಕ್ಕೊಂಡು ಮನೆಮಂದಿಯೆಲ್ಲ ಕುಂತು ತಿಂತಾ ಇದೀರಾ?" ಎಂದು ಬೈದೇ ಹೋದ.

ಇಡ್ಲಿ ಪಾತ್ರೆಯ ಬಿಸಿನೀರಿಗೆ ಬಟ್ಟೆ ಅದ್ದಿ ಅದ್ದಿ ಗಾಜಿಗೆ ಒತ್ತಿದೆ. ಮಧ್ಯಾಹ್ನದ ಹೊತ್ತಿಗೆ 'ಎರಡು ದಿನ' ಸುಲಿದು ಬಂತು. 'ಹೋಟೆಲ್' ಕೂಡ ಬಂತು. 'ರಜೆ' ಬರಲಿಲ್ಲ. ಮೊದಲು ಎರಡು ದಿನದ ರಜೆಯಾದರೂ ಇತ್ತು, ಈಗ ಕೊನೆಯೇ ಇಲ್ಲದ ರಜೆ. ಮಾಲೀಕ ಒಲೆ ಆರಿಸಿದ, ಹೆಂಡತಿಯನ್ನು ಕರೆದ.

"ನಡೀಯೇ, ನಿಮ್ಮೂರಿಗೆ ಹೋಗಿ ಬರಾಣ. ಎಲ್ಲಾರೂ ಬೈಯೋದೇ ಆದ್ರೆ ರಜಾ ಮಾಡೇ ಬೈಸಿಕೊಳ್ಳಾಣ."

ನ್ಯಾಮತಿ: ತಿರುಗಾಮುರುಗಾ

ಅಂಟು ಬಿಟ್ಟೆ. ಅದರ ಬದಲು ಗಾಜಿನ ಒಳಗಡೆಯಿಂದ ಬರೆದರೆ? ಮಳೆ ಮುಟ್ಟುವುದಿಲ್ಲ, ಒದ್ದೆ ಬಟ್ಟೆಯೂ ಮುಟ್ಟುವುದಿಲ್ಲ. ಹೊರಗಿನವರಿಗೆ ನೆಟ್ಟಗೆ ಕಾಣಬೇಕೆಂದರೆ ಒಳಗೆ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಬರೆಯಬೇಕು, ಅಷ್ಟೇ. ಒತ್ತಕ್ಷರ ಉಲ್ಟಾ ಬರೆಯುವಾಗ ನನ್ನ ಹೆಸರೇ ನನಗೆ ಮರೆತುಹೋಗುತ್ತದೆ, ಅದು ಬೇರೆ ಮಾತು.

ಸೂರಗೊಂಡನಕೊಪ್ಪಕ್ಕೆ ನಡೆದುಹೋಗುವ ಯಾತ್ರಿಕರಿಗೆಂದು ನ್ಯಾಮತಿಯ ಚಪ್ಪಲಿ ಅಂಗಡಿಯವನು ರಿಯಾಯಿತಿ ಇಟ್ಟಿದ್ದ. ಕೆಂಪು ಬಣ್ಣವೇ ಬೇಕೆಂದ. ಒಳಗೆ ಕೂತು ಬರೆಯುತ್ತಾ ಹೋದೆ. ಬಣ್ಣ ಸ್ವಲ್ಪ ತೆಳುವಾಗಿ, ಪ್ರತಿ ಅಕ್ಷರದ ಬುಡದಿಂದ ಕೆಂಪಗೆ ಇಳಿಯತೊಡಗಿತು. ಕೈಯಲ್ಲೇ ಒರೆಸಿಕೊಂಡೆ. ಮಾಲೀಕ ಹೊರಗಿನಿಂದ ನೋಡಿ, "ಭಾರಿ ಚಲೋ ಬಂದೈತೆ" ಎಂದು ಕೂಗಿ ಚಹಾ ಹೇಳಲು ಹೋದ.

ಆ ಹೊತ್ತಿಗೆ ಸರಿಯಾಗಿ ಅವನ ತಂದೆ ಹಿಂಬಾಗಿಲಿನಿಂದ ಒಳಗೆ ಬಂದರು. ಗಾಜಿನ ಮೇಲೆ ಉಲ್ಟಾ ಅಕ್ಷರ, ಕೆಂಪಗೆ ಸೋರುತ್ತಿದೆ. ಅಜ್ಜ ಅಲ್ಲೇ ಕುಸಿದು ಸ್ಟೂಲಿನ ಮೇಲೆ ಕೂತರು.

"ಮಾಟ! ಯಾರೋ ಮಾಟ ಮಾಡ್ಯಾರೆ! ರಕ್ತದಾಗೆ ಬರ್ದಾರೆ!"

ನಿಜ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜ ಊರುಗೋಲು ಎತ್ತಿ, "ಬರ್ದೋರು ಕೈಗೆ ಸಿಗಲಿ, ಸುಮ್ನೆ ಬಿಡಾಂಗಿಲ್ಲ" ಎಂದರು.

ಮೊಣಕೈವರೆಗೆ ಕೆಂಪಾಗಿದ್ದ ನನ್ನ ಎರಡೂ ಕೈಗಳನ್ನು ಮೆಲ್ಲಗೆ ಸೆರಗಿನೊಳಗೆ ಸರಿಸಿಕೊಂಡು, "ಹೌದಜ್ಜಾ, ಎಂಥೆಂಥ ಜನ ಇರ್ತಾರೆ ನೋಡ್ರಿ" ಎಂದೆ.

ನಮ್ಮ ಅಡುಗೆಮನೆ ಕಿಟಕಿ

ಜಗಳೂರಿಗೆ ಇದ್ಯಾವುದೂ ಆಗಬಾರದು. ಗೆಳತಿಯ ಬೀಗದ ಕೈ ನನ್ನ ಬ್ರಷ್ಷಿನ ತುದಿಗೆ ನೇತಾಡುತ್ತಿತ್ತು. ಹಗಲೆಲ್ಲ ಬಣ್ಣ ಕಲಸುವುದು, ಅಡುಗೆಮನೆ ಕಿಟಕಿಯ ಮೇಲೆ ಬಳಿಯುವುದು, ಒಣಗಿದ ಮೇಲೆ ಒರೆಸುವುದು, ಬೆಳಕಿಗೆ ಓರೆಯಾಗಿ ನಿಂತು ಕಲೆ ಹುಡುಕುವುದು. ಏನು ಬರೆಯುವುದು ಎಂದು ಬೇರೆಯಾಗಿ ಯೋಚಿಸುವಷ್ಟು ತಲೆ ಇರಲಿಲ್ಲ. ತೋಚಿದ್ದನ್ನೇ ಬರೆದೆ: ಮಿರ್ಚಿ, ಮಂಡಕ್ಕಿ, ಬೇಗ ಬನ್ನಿ.

ಸಂಜೆ ಗಂಡ ಹೊರಗಿನಿಂದ ಬಂದವರು ಬಾಗಿಲಲ್ಲೇ ನಿಂತರು. "ಲೇ, ಹಿತ್ತಲ ಕಡೆ ಇಬ್ರು ನಿಂತಾರೆ. ಎರಡು ಪ್ಲೇಟ್ ಮಿರ್ಚಿ ಕಟ್ಟಬೇಕಂತೆ. ನಂಗೂ ಒಂದು ಇರ್ಲಿ."

ಕೊನೆಗೂ ಹದ ಸಿಕ್ಕಿತು. ಸೀಮೆಸುಣ್ಣದ ನುಣ್ಣನೆಯ ಪುಡಿ, ಪೋಸ್ಟರ್ ಕಲರ್, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ. ಒಣಗಿದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ, ಉಗುರುಬೆಚ್ಚಗಿನ ನೀರಿನ ಬಟ್ಟೆ ತಾಗಿಸಿದರೆ ಪುಡಿಪುಡಿಯಾಗಿ ಬಂದುಬಿಡುತ್ತದೆ. ಬಳಿದದ್ದು ಎಲ್ಲಿ ಎಂದು ನನಗೇ ಗೊತ್ತಾಗಲಿಲ್ಲ.

ಜಗಳೂರು: ಅಜ್ಜಿ ಬಂದರು

ದಾವಣಗೆರೆಯಲ್ಲಿ ಬಸ್ ಬದಲಿಸಿ ಜಗಳೂರು ಮುಟ್ಟಿದೆ. ಒಳಗಿನಿಂದಲೇ ಬರೆದೆ, ಕೆಂಪು ಮುಟ್ಟಲಿಲ್ಲ. "ಇಂದು ಶುಭಾರಂಭ" ಎಂದು ಎರಡೇ ಪದ. ಉಲ್ಟಾ ಅಕ್ಷರ ಕಡಿಮೆಯಿದ್ದಷ್ಟೂ ಒಳ್ಳೆಯದೆಂದು ಉಳಿದ ಜಾಗಕ್ಕೆ ಒಂದು ದೊಡ್ಡ ಕಳಸ ಬರೆದೆ. ಐದು ಎಲೆ, ನೆತ್ತಿಗೆ ತೆಂಗಿನಕಾಯಿ. ಕಳಸಕ್ಕೆ ಉಲ್ಟಾ ಇಲ್ಲ, ಎರಡು ಕಡೆಯಿಂದಲೂ ಕಳಸವೇ. ಯಾರೂ ಮಾಟ ಎನ್ನುವಂತಿಲ್ಲ.

ಎರಡು ದಿನ ಅಂಗಡಿ ತುಂಬಿತ್ತು. ನನಗೆ ಮಾತ್ರ ಊಟ ಸೇರಲಿಲ್ಲ. ಮೂರನೇ ದಿನ ಬೆಳಿಗ್ಗೆ ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು, ಹಳೆಯ ಮೆತ್ತನೆ ಪಂಚೆ ಹಿಡಿದು ನಿಂತೆ. ಬಟ್ಟೆ ಹಿಂಡಿ ಕೈ ಎತ್ತಿದೆ. ಬಾಗಿಲಲ್ಲಿ ಅಜ್ಜಿ.

ಗಾಜನ್ನು ಮೇಲಿನಿಂದ ಕೆಳಗೆ ನೋಡಿದರು. ಗೆಳತಿ ನನ್ನ ಮೊಣಕೈ ಹಿಸುಕಿದಳು.

"ಈಗ ಒರೆಸಿಬಿಡ್ತೀನಿ ಅಜ್ಜೀ. ಒಂದು ಕಲೆನೂ ಉಳಿಯಾಂಗಿಲ್ಲ" ಎಂದೆ.

"ಏನು ಒರೆಸ್ತೀಯಾ?"

"ಇದನ್ನೇ. ಕಳಸ."

ಅಜ್ಜಿ ಚಪ್ಪಲಿ ಬಿಟ್ಟರು. "ಮಂಗಳವಾರ! ಹೆಣ್ಣುಮಕ್ಕಳ ಅಂಗಡಿ! ತುಂಬಿದ ಕಳಸ ಒರೆಸ್ತಾಳಂತೆ! ಓದಿದೋಳು ಅಲ್ಲೇನವ್ವ ನೀನು?"

"ಹಂಗಾದ್ರೆ ಅಕ್ಷರ ಅಷ್ಟೇ..." ಎಂದಳು ಗೆಳತಿ.

"ಶುಭ ಅಂತ ಬರ್ದೈತೆ. ಅದನ್ನ ಒರೆಸಾಕೆ ಕೈ ಬರ್ತೈತಾ?"

"'ಇಂದು' ಅನ್ನೋದಾದ್ರೂ..."

"ಯಾಕೆ, ಇವತ್ತು ಶುಭ ಬ್ಯಾಡೇನು ನಿಂಗೆ?"

ಅಜ್ಜಿ ಹೊರಗೆ ಹೋದರು. ಸೊಂಟದ ಚೀಲದಿಂದ ಕುಂಕುಮ ತೆಗೆದರು. ಗಾಜಿಗೆ ಒಣ ಕುಂಕುಮ ಹತ್ತಲಿಲ್ಲ. ಗೆಳತಿಯ ದೀಪದಿಂದ ಎಣ್ಣೆ ತರಿಸಿ, ಅಂಗೈಯಲ್ಲಿ ಕಲಸಿ, ಕಳಸದ ಹೊಟ್ಟೆಗೆ ಸರಿಯಾಗಿ ಹೊರಗಿನಿಂದ ರೂಪಾಯಿಯಗಲ ಇಟ್ಟರು. ಎಣ್ಣೆ ಕೆಂಪಗೆ ಗಾಜಿನುದ್ದ ಇಳಿಯಿತು. ನಾವಿಬ್ಬರೂ ಆ ಗೆರೆ ಕೆಳಗೆ ಬರುವುದನ್ನೇ ನೋಡಿದೆವು.

"ಅಜ್ಜೀ, ಕಲೆ..." ಎಂದಳು ಗೆಳತಿ.

"ಅದು ಕಲೆ ಅಲ್ಲ, ಕುಂಕುಮ" ಎಂದ ಅಜ್ಜಿ ಕೈಮುಗಿದು, ಚಪ್ಪಲಿ ಮೆಟ್ಟಿ, ತಿರುಗಿ ನಿಂತರು. "ಶುಕ್ರವಾರ, ಮಂಗಳವಾರ ಬಂದು ಹಚ್ಚಿ ಹೋಗ್ತೀನಿ. ಈ ಕಳಸ ಅಳಿಸಿದ ದಿನ ಬೀಗ ತಂದು ನನ್ನ ಕೈಗೆ ಕೊಡು."

ಈಗ ಆ ಅಂಗಡಿಗೆ ಬೋರ್ಡು ಬಂದಿದೆ, ಗಿರಾಕಿಗಳೂ ಇದ್ದಾರೆ. ಗಾಜಿನ ಮೇಲೆ ಮಾತ್ರ ದಿನಾ ಶುಭಾರಂಭ. ಎರಡೇ ದಿನ ಇರಲಿ ಎಂದು ನಾನು ಜೀವ ತೇಯ್ದು ಹದ ಮಾಡಿದ ಬಣ್ಣ ಜಗಳೂರಿನ ಬಿಸಿಗಾಳಿಗೆ ಪುಡಿಪುಡಿಯಾಗಿ ಉದುರುತ್ತದೆ. "ಬಾರೇ, ತೆಂಗಿನಕಾಯಿ ಅರ್ಧ ಹೋಗೈತೆ, ನಾಳೆ ಶುಕ್ರವಾರ!" ಎಂದು ಗೆಳತಿಯ ಫೋನ್ ಬಂದರೆ, ಹೊನ್ನಾಳಿಯ ಅಂಟಿನ ಡಬ್ಬಿ ಬ್ಯಾಗಿಗೆ ಹಾಕಿಕೊಂಡು ಸಿಕ್ಕ ಬಸ್ಸು ಹತ್ತುತ್ತೇನೆ.

ಮೊನ್ನೆ ಹಾಗೇ ಹೋಗಿ ಎಲೆ ತಿದ್ದುತ್ತಾ ಕೂತಿದ್ದೆ. ಯಾರೋ ಗಂಡಹೆಂಡತಿ ಗಾಜು ಓದಿ, ಬಾಗಿಲಲ್ಲಿ ತಲೆ ಹಾಕಿದರು.

"ಓಹೋ, ಇವತ್ತಾ ಓಪನಿಂಗು? ಸಿಹಿ ಎಲ್ಲಮ್ಮಾ?"

ಗೆಳತಿ ಮಷಿನ್ ನಿಲ್ಲಿಸಿ, ಅದಕ್ಕೆಂದೇ ಪಕ್ಕದಲ್ಲಿ ಇಟ್ಟುಕೊಂಡ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದಳು.